ಬೈ ರನ್ನಿನ ಲೆಕ್ಕ

ಸ್ಕೋರ್ ಪುಸ್ತಕದಾಗ ಕೀಪರನ ಹೆಸರು
ಎರಡೇ ಹೊತ್ತಿಗೆ ಬರತೈತಿ:
ಕ್ಯಾಚು ಹಿಡಿದರ, ಬ್ಯಾರೆಯವನ ಹೆಸರಿನ ಮುಂದ ಸಣ್ಣಗ;
ಬ್ಯಾಟು ಹಿಡಿದರ, ಒಂಬತ್ತನೇ ಸಾಲಿನಾಗ.
ಮುನ್ನೂರು ಬಾಲಿಗೆ ಮುನ್ನೂರು ಸಲ
ಕುಂತು ಎದ್ದದ್ದಕ್ಕ ಕಾಲಂ ಇಲ್ಲ.
ಬಿಟ್ಟದ್ದಕ್ಕ ಐತಿ.
ಕೆಳಗ, ಬೈ ಅಂತ.

ಬಾಗಲಕೋಟಿ ಕಾಲೇಜಿನಾಗ ಮೂರು ವರ್ಷ ನಾನೇ ಸ್ಕೋರರ್.
ಬೇವಿನ ಗಿಡದ ಬುಡಕ ಬೆಂಚು, ಎರಡು ಬಣ್ಣದ ಪೆನ್ನು,
ಹುಡುಗಿ ಏನು ಬರೀತಾಳ ಅಂದವರೂ
ಚಹಾದ ಹೊತ್ತಿಗೆ ಬಂದು ಬಗ್ಗಿ ಕೇಳೋರು,
ನಂದೆಷ್ಟಾತು?
ಹುಚ್ಚೇಶ ಕೇಳಲಿಲ್ಲ. ಅವನಿಗೆ ಗೊತ್ತಿರತಿತ್ತು.

ಕಮತಗಿಯಂವ. ಅವ್ವ ಕುಣಿಮಗ್ಗದಾಗ
ಕಾಲು ಇಳಿಬಿಟ್ಟು ಖಣ ನೇಯಾಕಿ.
ಲಾಳಿ ಎಡಕ್ಕ ಹೋಗಿ ಬಲಕ್ಕ ಬರೂದನ್ನ
ತೊಟ್ಟಿಲಾಗಿಂದ ನೋಡಿದ ಕಣ್ಣು
ಬಾಲಿನ ಬೆನ್ನು ಹತ್ತಿ ಓಡಲಿಲ್ಲ.
ಅದು ಬರೂ ಜಾಗಾದಾಗ ಕೈ ಇಟ್ಟು ಕಾಯತಿತ್ತು.

ಗ್ಲೌಸು ಕಾಲೇಜಿನವು. ಬಲಗೈ ಹೆಬ್ಬೆರಳು ಹರಿದಿತ್ತು.
ಅವ್ವ ಖಣದ ತುಂಡು ಇಟ್ಟು ಹೊಲಿದು ಕೊಟ್ಟಳು,
ಕೆಂಪು ಅಂಚು, ಒಳಗ ತೇರಿನ ಹೂವು.
ಜಮಖಂಡಿಯವರು ನಕ್ಕರು,
ಕುಪ್ಪಸ ತೊಟ್ಟ ಕೀಪರ್ ಬಂದಾನ ನೋಡ್ರಲೇ.
ಆವತ್ತು ಮೂರು ಸ್ಟಂಪಿಂಗ್.
ಆಮ್ಯಾಲ ಕ್ರೀಸಿನ ಹೊರಗ ನಿಂತು ಯಾರೂ ನಗಲಿಲ್ಲ.

ಪಿ.ಡಿ. ಸರ್ ಒಮ್ಮೆ ಅಂದಿದ್ದರು:
ತಮ್ಮಾ, ಮೊಣಕಾಲು ಅಂದ್ರ ಬಾಡಿಗಿ ಮನಿ,
ಮಾಲಕ ಇನ್ನೂ ಬಂದಿಲ್ಲ ಅಷ್ಟ.

ಹುಬ್ಬಳ್ಳಿಯ ಎರಡನೇ ಡಿವಿಜನ್ ಕ್ಲಬ್ಬಿನವರು
ಪುಸ್ತಕ ತಿರುವಿ ಹಾಕಿದರು.
ಬ್ಯಾಟಿಂಗ್ ಸರಾಸರಿ ಹನ್ನೊಂದು.
ಮುಚ್ಚಾಕ ಹತ್ತಿದ್ದರು, ನಾನು ನಡುವ ಬೆರಳಿಟ್ಟೆ.
ಇಲ್ಲಿ ನೋಡ್ರಿ ಸರ್, ಕೆಳಗ.
ಹದಿನಾಲ್ಕು ಮ್ಯಾಚು, ಬೈ ಒಂಬತ್ತು.
ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.
ಇನ್ನೊಬ್ಬರು ಇನ್ನೊಂದು ಕಪ್ ಚಹಾ ಹೇಳಿದರು.

ಹಿಂಗ ಹೋದ.
ನಾಕು ಮಂದಿಗೆ ಒಂದು ಖೋಲಿ, ಒಂದು ಬಕೀಟು.
ನಸುಕಿನಾಗ ಪಾರ್ಸಲ್ ಆಫೀಸು,
ಲಾರಿ ಮ್ಯಾಲಿಂದ ಒಗೆದ ಗಂಟು ಹಿಡಿಯೂದು.
ಅಲ್ಲೂ ಅದೇ ಕೆಲಸ, ಅಂತಿದ್ದ ಫೋನಿನಾಗ.
ಮೈದಾನದಾಗ ಮಾತ್ರ ನೀರಿನ ಬಾಟ್ಲಿ ಹೊತ್ತ,
ಒಂದು ಸೀಜನ್ ಪೂರ್ತಿ.
ಮೊದಲನೇ ಕೀಪರ್ ರೇಲ್ವೆಯವ, ಮೂವತ್ತಾರು ದಾಟಿದಂವ,
ಓವರಿಗೊಮ್ಮೆ ಮೊಣಕಾಲು ತಿಕ್ಕಿಕೊಂತ
ಇವನಿಗೆ ಕಲಿಸಿದ್ದೇ ಕಲಿಸಿದ್ದು,
ಹಿಮ್ಮಡಿ ಎಲ್ಲಿಡಬೇಕು, ಉಸಿರು ಯಾವಾಗ ಬಿಡಬೇಕು.
ಒಳ್ಳೆಯ ಮನಶ್ಯಾ. ಅದೇ ತ್ರಾಸು.
ಅವನ ಮ್ಯಾಲ ಸಿಟ್ಟಾಗಾಕೂ ಬರಲಿಲ್ಲ.

ನೆಟ್ಸಿನಾಗ ಕಿರುಬೆರಳು ಮುರಿದು ಸೊಟ್ಟ ಕೂಡಿತು.
ಹಬ್ಬಕ್ಕ ಬಂದಾಗ ಅವ್ವ ಆ ಬೆರಳು ಹಿಡಿದು,
ಎಳಿ ಗಂಟು ಬಿದ್ದೈತಿ ಅಂದಳು,
ಬಿಡಿಸಾಕ ಹೋಗಲಿಲ್ಲ.

ಕ್ಲಬ್ಬು ಹೊಸ ಗ್ಲೌಸು ಕೊಟ್ಟಿತು.
ಹಳೇವು ಕಾಲೇಜಿಗೆ ಮುಟ್ಟಿಸು ಅಂತ ನನ್ನ ಕೈಯಾಗ ಇಟ್ಟಿದ್ದ.
ನವನಗರದ ಸೊಸೈಟಿಯಾಗ ಪಿಗ್ಮಿ ಲೆಕ್ಕ ಬರಿಯಾಕಿ ನಾನು,
ಹತ್ತು ರೂಪಾಯಿ ತಪ್ಪಿದರ ರಾತ್ರಿ ನಿದ್ದಿ ಬರೂದಿಲ್ಲ.
ಗ್ಲೌಸು ಇನ್ನೂ ಮುಟ್ಟಿಸಿಲ್ಲ.

ಹೋದ ಐತವಾರ ರಾತ್ರಿ ಹತ್ತಕ್ಕ ಫೋನು.
ಆಡಿದೆ, ಅಂದ.
ರೇಲ್ವೆಯವಂದು ಮೊಣಕಾಲು ಕೂತಿತಂತ. ಐವತ್ತೂ ಓವರ್ ಇವನೇ.
ಬೈ?
ನಾಕು.
ಒಂದೇ ಬಾಲು. ಬಿರುಕಿಗೆ ಬಿದ್ದು ಹಾವಿನ್ಹಂಗ ಹೊಳ್ಳಿತು.
ಅದು ನಂದಲ್ಲ.
ಯಾರದು ಅಂತ ಬರಿಯಾಕ ಪುಸ್ತಕದಾಗ ಜಾಗಾ ಇಲ್ಲ, ಅಂದೆ.
ಅವನ ಕಡೆ ಲಾರಿಯೊಂದು ಹಾರ್ನ್ ಹಾಕಿಕೊಂತ ಹೋತು.
ಹೋಗೂ ತನಕ ಕಾದ.
ಹಂಗಾರ ನಂದೇ ಬರಕೋ, ಅಂದ.

ಆ ಮ್ಯಾಚಿನ ಪುಸ್ತಕ ನನ್ನ ಕಡೆ ಎಲ್ಲೈತಿ?
ಹಳೇದನ್ನ ತೆಗೆದು, ಕಡೀ ಖಾಲಿ ಹಾಳಿಯ ಕೆಳಗ
ಹಸಿರು ಪೆನ್ನಿನಾಗ ಬರೆದೆ: ಬೈ, ನಾಕು.

ಉಳಿದ ಇನ್ನೂರ ತೊಂಬತ್ತೊಂಬತ್ತು ಬಾಲು
ಅಂವ ಹೇಳಲಿಲ್ಲ, ನಾ ಕೇಳಲಿಲ್ಲ.
ಮ್ಯಾಲಿನ ಹಾಳಿ ಪೂರ್ತಿ ಬಿಳಿ.